ಕುರ್ಚಿ ಕೊಟ್ರಾ?

ರಸ್ತೆಯಲ್ಲಿ ತಮಟೆಯ ಸದ್ದು ಕೇಳಿಸಿದ ಕೂಡಲೇ ನಮ್ಮ ದೊಡ್ಡಪ್ಪ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆ ಕೂತುಬಿಡುತ್ತಿದ್ದರು. ಊಟದ ನಡುವೆ ಇದ್ದರೂ ಅಷ್ಟೇ, ಎಂಜಲುಗೈಯನ್ನು ತಟ್ಟೆಯಲ್ಲೇ ತೊಳೆದು ಲುಂಗಿಗೆ ಒರೆಸಿಕೊಂಡು ಅದನ್ನೂ ಕೆಳಗೆ ಸೇರಿಸುತ್ತಿದ್ದರು. ಮರ್ಫಿ ಟೌನಿನಲ್ಲಿ ತಮಟೆ ಕೇಳಿಸದ ವಾರವೇ ಇರಲಿಲ್ಲ. ಯಾರದೋ ಸಾವು, ಊರಮ್ಮನ ಹಬ್ಬ, ಗಣೇಶನನ್ನು ಹಲಸೂರು ಕೆರೆಗೆ ಬಿಡುವ ಮೆರವಣಿಗೆ, ಚುನಾವಣೆ ಗೆದ್ದವರ ಕುಣಿತ. ಸದ್ದು ಗಲ್ಲಿ ದಾಟಿ ದೂರವಾಗುವವರೆಗೆ ಅವರು ಕದಲುತ್ತಿರಲಿಲ್ಲ. ಚಿಕ್ಕವಳಿದ್ದಾಗ ನಾನು ಅವರಿಗೆ ಚಳಿಯಾಗುತ್ತಿದೆ ಅಂದುಕೊಂಡಿದ್ದೆ.

ಈಗ ನಾನು ತಮಟೆ ಬಾರಿಸಿ ಬದುಕುವವಳು. ಮಾತಾಡಿಸಲು ಬರುವ ಪತ್ರಿಕೆಯವರು ‘ನಿಮ್ಮ ಗುರುಗಳು ಯಾರು?’ ಅಂತ ಕೇಳುತ್ತಾರೆ. ತಮಟೆ ಕಂಡರೆ ಮುಖ ತಿರುಗಿಸುತ್ತಿದ್ದ ನಮ್ಮ ದೊಡ್ಡಪ್ಪ ಅನ್ನುತ್ತೇನೆ. ಅವರ ಪೆನ್ನು ಅಲ್ಲಿಗೇ ನಿಲ್ಲುತ್ತದೆ. ಅಚ್ಚಾದಾಗ ನೋಡಿದರೆ ಗುರುಗಳ ಜಾಗದಲ್ಲಿ ‘ಮನೆತನದ ಬಳುವಳಿ’ ಅಂತ ಇರುತ್ತದೆ. ಬಳುವಳಿಯಂತೆ. ನಮ್ಮ ಮನೆಗೆ ಅದು ಹೇಗೆ ಬಂತು, ಹೇಗೆ ಹೋಯಿತು ಅಂತ ಅವರಿಗೇನು ಗೊತ್ತು? ಅದಕ್ಕೇ ಇದನ್ನು ನಾನೇ ಬರೆಯುತ್ತಿದ್ದೇನೆ.

ದೊಡ್ಡಪ್ಪ ಎಂದರೆ ನಮ್ಮ ಅಪ್ಪನ ಅಣ್ಣ. ನನಗೆ ನೆನಪು ಕೂಡುವ ಮೊದಲೇ ಅಪ್ಪ ತೀರಿಕೊಂಡಿದ್ದರಿಂದ ನನ್ನನ್ನೂ ಅಮ್ಮನನ್ನೂ ಸಾಕಿದವರು ಅವರು ಮತ್ತು ದೊಡ್ಡಮ್ಮ. ಹಳೇ ಮದರಾಸು ರಸ್ತೆಯ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸುತ್ತಿದ್ದರು. ಕೃಷ್ಣರಾಜಪುರದಿಂದಾಚೆಯ ಹಳ್ಳಿಯನ್ನು ಹರೆಯದಲ್ಲೇ ಬಿಟ್ಟು ಬಂದವರು, ಮತ್ತೆ ಆ ಕಡೆ ಕಾಲಿಡಲಿಲ್ಲ. ಇಲ್ಲಿ ಬಂದ ಮೇಲೆ ಗೆಳೆಯರ ಜೊತೆ ಬೌದ್ಧರಾದರು. ನಮ್ಮ ಮನೆಯ ನಡುಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ನೀಲಿ ಕೋಟು ತೊಟ್ಟವರ ಪಟ, ಅವೆರಡರ ಕೆಳಗೆ ಕುಡಿಯುವ ನೀರಿನ ಮಡಕೆ. ಆ ಮಡಕೆ ಕೂತಿದ್ದು ಒಂದು ಮರದ ಬಳೆಯ ಮೇಲೆ. ನಮ್ಮ ಮನೆಗೆ ಯಾರೇ ಬರಲಿ, ಕೂತ ತಕ್ಷಣ ಆ ಮಡಕೆಯಿಂದ ಒಂದು ಲೋಟ ನೀರು ಕೊಡಬೇಕು. ‘ಮೊದ್ಲು ಕೂರ್ಸು, ಆಮೇಲೆ ನೀರು ಕೊಡು, ಆಮೇಲೆ ಏನ್ ಬಂದ್ರಿ ಅಂತ ಕೇಳು’ ಅನ್ನುವುದು ದೊಡ್ಡಪ್ಪನ ಕಾನೂನು.

ಕೂರುವ ವಿಷಯದಲ್ಲಿ ಅವರಿಗೆ ಇನ್ನೂ ಒಂದು ಕಾನೂನಿತ್ತು. ಶಿವಾಜಿನಗರದ ಗುಜರಿಯಲ್ಲಿ ಕೊಂಡ, ಮಡಚುವ ಕಬ್ಬಿಣದ ಕುರ್ಚಿಯೊಂದನ್ನು ಹೋದಲ್ಲೆಲ್ಲ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಮದುವೆಗೆ, ನಾಮಕರಣಕ್ಕೆ, ಕಾರ್ಪೊರೇಟರನ್ನು ನೋಡಲು, ನನ್ನ ಶಾಲೆಯ ಪೋಷಕರ ಸಭೆಗೆ. ದೊಡ್ಡಮ್ಮನಿಗೆ ಇದರಿಂದ ತಲೆ ತಗ್ಗಿಸುವಂತಾಗುತ್ತಿತ್ತು.

‘ಛತ್ರದಲ್ಲಿ ಕುರ್ಚಿ ಇರಲ್ವಾ? ನಿಮ್ಮನ್ನ ಶಾಮಿಯಾನದೋರು ಅಂದ್ಕೊಂಡು ಯಾರಾದ್ರೂ ಅಡ್ವಾನ್ಸ್ ಕೊಟ್ಬಿಟ್ಟಾರು.’

‘ಕೊಟ್ರೆ ಇಸ್ಕೊ. ಅವ್ರು ಕೂರಿ ಅನ್ಲಿ ಅಂತ ಕಾಯ್ತಾ ನಿಂತ್ಕೊಳ್ಳೋಕೆ ನಂಗೆ ಟೈಮಿಲ್ಲ.’

ಛತ್ರದಲ್ಲಿ ನೂರು ಕುರ್ಚಿ ಖಾಲಿ ಇದ್ದರೂ ಅವರು ತಮ್ಮದನ್ನೇ ಬಿಡಿಸಿ ಕೂರುತ್ತಿದ್ದರು. ಹೊರಡುವಾಗ ಟಪ್ಪೆಂದು ಮಡಚುತ್ತಿದ್ದರು. ಆ ಟಪ್ ಸದ್ದು ಕೇಳಿದರೆ ನಮ್ಮ ಮನೆಯವರೆಲ್ಲ ಚಪ್ಪಲಿ ಹುಡುಕಬೇಕು. ಗಲ್ಲಿಯ ಹುಡುಗರು ಅವರನ್ನು ‘ಚೇರ್‌ಮನ್’ ಎಂದು ಕರೆಯುತ್ತಿದ್ದರು. ಅವರಿಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು ಅಂತ ನನ್ನ ಗುಮಾನಿ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹಲಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿದ್ದೆ. ಶಾಲೆಯ ಬ್ಯಾಂಡಿಗೆ ಸೇರಿ ಸೈಡ್ ಡ್ರಮ್ ಕಲಿತೆ. ಅವತ್ತು ದೊಡ್ಡಪ್ಪ ಮಾಡಿದ ಸಂಭ್ರಮ ನೋಡಬೇಕಿತ್ತು. ಬಿಳಿ ಶೂ ತಂದರು, ಅದಕ್ಕೆ ತಾವೇ ಸುಣ್ಣದಂಥ ಪಾಲಿಶ್ ಬಳಿದರು. ಕವಾಯತಿನ ದಿನ ಕಾರ್ಖಾನೆಗೆ ರಜೆ ಹಾಕಿ, ಮೈದಾನದ ಅಂಚಿನಲ್ಲಿ ಕುರ್ಚಿ ಬಿಡಿಸಿ, ನಮ್ಮ ಸಾಲು ಎದುರು ಬಂದಾಗ ಎದ್ದು ನಿಂತು ಸೆಲ್ಯೂಟ್ ಹೊಡೆದರು. ಅವತ್ತು ಅವರ ಕೈ ತೊಡೆಯ ಕೆಳಗಿರಲಿಲ್ಲ. ಡ್ರಮ್ಮಿಗೂ ತಮಟೆಗೂ ಅವರ ಲೆಕ್ಕದಲ್ಲಿ ಅಜಗಜಾಂತರ ಅಂತ ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಕಾಲೇಜಿಗೆ ಬಂದ ಮೇಲೆ. ನಾಟಕದವರು ನಡೆಸಿದ ಒಂದು ಶಿಬಿರದಲ್ಲಿ ಮೊದಲ ಸಲ ತಮಟೆಯನ್ನು ಹೆಗಲಿಗೆ ಹಾಕಿಕೊಂಡೆ. ಬಲಗೈಯಲ್ಲಿ ಗಿಡ್ಡ ಕೋಲು, ಎಡಗೈಯಲ್ಲಿ ತೆಳ್ಳನೆಯ ಉದ್ದ ಕಡ್ಡಿ. ಡ್ರಮ್ಮಿನಲ್ಲಿ ನಾನು ವರ್ಷಗಟ್ಟಲೆ ಲೆಕ್ಕ ಹಾಕಿ ಬಾರಿಸಿದ್ದೆ, ಎಡ ಬಲ ಎಡ ಬಲ. ತಮಟೆ ಎದೆಗೆ ಒತ್ತಿಕೊಂಡು ನಿಲ್ಲುವ ವಾದ್ಯ. ಮೊದಲ ಪೆಟ್ಟಿಗೇ ಪಕ್ಕೆಲುಬು ಅದುರಿತು. ಇದನ್ನು ಬಿಟ್ಟು ಇನ್ನೇನನ್ನೂ ಮಾಡಲಾರೆ ಅಂತ ಆ ಕ್ಷಣಕ್ಕೇ ಗೊತ್ತಾಯಿತು. ಇದನ್ನು ಬಣ್ಣ ಕಟ್ಟಿ ಹೇಳುತ್ತಿಲ್ಲ, ಆದದ್ದೇ ಹಾಗೆ. ಮನೆಯಲ್ಲಿ ಹೇಳುವ ಧೈರ್ಯವಿಲ್ಲದೆ ಹಲಸೂರು ಕೆರೆಯ ಬಳಿ ಸಂಜೆ ಹೊತ್ತು ಅಭ್ಯಾಸ ಮಾಡುತ್ತಿದ್ದೆ. ಮರ್ಫಿ ಟೌನಿನಲ್ಲಿ ಗುಟ್ಟು ಎಂಬುದು ಇಲ್ಲ. ವಾರ ಕಳೆಯುವಷ್ಟರಲ್ಲಿ ಸುದ್ದಿ ಮನೆ ಮುಟ್ಟಿತು.

‘ಕೆರೆ ಹತ್ರ ಏನ್ ಮಾಡ್ತಿದ್ದೆ?’ ಅಂತ ಕೇಳಿದರು ದೊಡ್ಡಪ್ಪ.

ನಾನೂ ಅವರ ಮನೆಯ ಅನ್ನ ತಿಂದವಳೇ ತಾನೆ. ‘ತಮಟೆ ಬಾರಿಸ್ತಿದ್ದೆ’ ಅಂದೆ. ‘ಸ್ಕೂಲಲ್ಲಿ ಡ್ರಮ್ ಬಾರಿಸಿದ್ರೆ ಬಿಳಿ ಶೂ ತಂದ್ಕೊಟ್ರಿ. ಇದೇನ್ ಮಾಡ್ತು ದೊಡ್ಡಪ್ಪ? ಅದೂ ಬಡಿಯೋದೇ, ಇದೂ ಬಡಿಯೋದೇ.’

‘ಅದನ್ನ ಬಾರಿಸೋರಿಗೆ ಸೆಲ್ಯೂಟ್ ಹೊಡೀತಾರೆ. ಇದನ್ನ ಬಾರಿಸೋರಿಗೆ ಆಚೆ ನಿಂತ್ಕೊ ಅಂತಾರೆ.’ ಅವರ ದನಿ ಏರಲಿಲ್ಲ. ‘ನಮ್ಮನೆ ಗಂಡಸರ ಹೆಗಲ ಮೇಲಿತ್ತು ಕಣಮ್ಮಾ ಅದು. ಹೆಂಗಸರಿಗೆ ಅದೊಂದಾದ್ರೂ ತಪ್ಪಿತ್ತು. ನೀನು ಓದಿ, ಬರ್ದು, ಅದನ್ನೂ ಎಳ್ಕೊಂಡ್ ಬಂದು ನೇತಾಕ್ಕೊಂಡೆ.’

ಅವತ್ತಿನಿಂದ ಅವರು ನನ್ನ ಜೊತೆ ಮಾತು ಬಿಟ್ಟರು. ಹೇಳಬೇಕಾದ್ದನ್ನು ನೀರಿನ ಮಡಕೆಗೆ ಹೇಳುತ್ತಿದ್ದರು. ‘ಮಳೆ ಬರೋ ಹಂಗಿದೆ, ಕಾಲೇಜಿಗೆ ಹೋಗೋರು ಛತ್ರಿ ತಗೊಂಡ್ ಹೋಗ್ಲಿ’ ಅಂತ ಮಡಕೆಯ ಕಡೆ ತಿರುಗಿ ಹೇಳುವುದು, ನಾನು ಛತ್ರಿ ತೆಗೆದುಕೊಂಡು ಅದೇ ಮಡಕೆಗೆ ‘ತಗೊಂಡಿದೀನಂತೆ’ ಅನ್ನುವುದು. ಅಮ್ಮ ಇಬ್ಬರಿಗೂ ಬೈಯುತ್ತಿದ್ದಳು. ಇಬ್ಬರೂ ಸೋಲುವವರಲ್ಲ.

ಅವರೆಕಾಯಿಯ ಕಾಲ. ಒಂದು ಭಾನುವಾರ ದೊಡ್ಡಮ್ಮ ಅಂಗಳದಲ್ಲಿ ಕಾಯಿ ಸುಲಿಯುತ್ತಾ ನನ್ನನ್ನೂ ಕೂರಿಸಿಕೊಂಡಳು. ನಾನು ಕೇಳಿರಲಿಲ್ಲ, ಅವಳೇ ಶುರು ಮಾಡಿದಳು.

‘ನಿಮ್ ದೊಡ್ಡಪ್ಪನಷ್ಟು ಚೆನ್ನಾಗ್ ಬಾರಿಸೋನು ನಮ್ ಸುತ್ತ ಹಳ್ಳೀಲಿ ಯಾರೂ ಇರ್ಲಿಲ್ಲ ಕಣೆ. ಚಿಕ್ಕೋಳಿದ್ದಾಗ ಆ ಕೈ ನೋಡಿದ್ದೆ, ಅದಕ್ಕೇ ಆಮೇಲೆ ಇವನನ್ನ ಕಟ್ಕೊಂಡಿದ್ದು.’

ನನ್ನ ಕೈಯ ಅವರೆಕಾಯಿ ಅಲ್ಲೇ ನಿಂತಿತು. ದೊಡ್ಡಮ್ಮ ಸುಲಿಯುವುದನ್ನು ನಿಲ್ಲಿಸದೆ ಹೇಳಿದಳು. ದೊಡ್ಡಪ್ಪನಿಗೆ ಮೀಸೆ ಮೂಡುವ ವಯಸ್ಸು. ಒಂದು ಬೆಳಗ್ಗೆ ಅವರ ಅಪ್ಪ ತೀರಿಕೊಂಡರು. ಹೆಣ ಇನ್ನೂ ಅಂಗಳದಲ್ಲಿರುವಾಗ ಊರಿನ ದೊಡ್ಡಮನೆಯಿಂದ ಕೂಗು ಬಂತು. ಅಲ್ಲಿಯೂ ಅದೇ ಹೊತ್ತಿಗೆ ಮುದುಕಿಯೊಬ್ಬಳು ಸತ್ತಿದ್ದಳು. ಮೊದಲು ಇಲ್ಲಿ ಬಾರಿಸು, ನಿಮ್ಮದು ಆಮೇಲೆ ನೋಡಿಕೋ. ಇಲ್ಲ ಅನ್ನುವ ಕಾಲವಲ್ಲ. ದೊಡ್ಡಪ್ಪ ತಮ್ಮ ಅಪ್ಪನ ತಮಟೆಯನ್ನೇ ಹೆಗಲಿಗೇರಿಸಿಕೊಂಡು ಹೋಗಿ, ಮುದುಕಿಯ ಮುಂದೆ ಊರ ಕೊನೆಯವರೆಗೆ ಬಾರಿಸಿದರು. ಬಿಸಿಲೇರಿದರೂ ಯಾರೂ ನೆರಳಿಗೆ ಬಾ ಅನ್ನಲಿಲ್ಲ, ಕೂತ್ಕೋ ಅನ್ನಲಿಲ್ಲ. ಮನೆಗೆ ಬಂದು ತಮ್ಮ ಅಪ್ಪನ ಎದುರು ಕೋಲೆತ್ತಿದರೆ ಕೈ ಏಳಲಿಲ್ಲ. ಕುಡುಗೋಲು ತೆಗೆದು ತಮಟೆಯ ಚರ್ಮವನ್ನು ಕೊಯ್ದು ಹಾಕಿದರು. ಅಪ್ಪನನ್ನು ಸದ್ದಿಲ್ಲದೆ ಮಣ್ಣು ಮಾಡಿದರು. ಆ ವಾರವೇ ಬೆಂಗಳೂರಿಗೆ ಬಂದರು, ಬರುವಾಗ ಕಂಕುಳಲ್ಲಿ ಇದ್ದದ್ದು ಆ ತಮಟೆಯ ಬರೀ ಮರದ ಬಳೆ.

‘ಮಡಕೆ ಕೆಳ್ಗಿರೋದು ಅದೇ’ ಅಂದಳು ದೊಡ್ಡಮ್ಮ. ‘ಸದ್ದು ಕೇಳಿದ್ರೆ ಇವತ್ತಿಗೂ ಆ ಕೈ ತಾನೇ ತಾನಾಗಿ ಶುರು ಮಾಡ್ಬಿಡುತ್ತೆ. ಅದಕ್ಕೇ ಅದ್ರ ಮೇಲೆ ಕೂತ್ಕೋತಾನೆ.’

ಈ ಕಥೆ ಕೇಳಿದ ಮೇಲೆ ನಾನು ತಮಟೆಯನ್ನು ಬಿಡಬೇಕಿತ್ತು ಅಂತ ಯಾರಿಗಾದರೂ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ನನಗೆ ಬಂದದ್ದು ಅಳು, ಅದರ ಹಿಂದೆಯೇ ಸಿಟ್ಟು. ದೊಡ್ಡಮನೆಯವರು ಅವತ್ತು ದೊಡ್ಡಪ್ಪನಿಂದ ಅವರ ಅಪ್ಪನ ಸಾವನ್ನು ಕಸಿದರು, ಜೊತೆಗೆ ಆ ಕೈಯನ್ನೂ ಕಸಿದರು. ಕಸಿದವರು ನೆಮ್ಮದಿಯಾಗಿರುವಾಗ, ಇದ್ದದ್ದನ್ನು ಬಿಟ್ಟುಕೊಡಬೇಕಾದವರು ಯಾವಾಗಲೂ ನಾವೇ ಏಕೆ? ಸುಲಿದ ಕಾಳನ್ನು ಅಲ್ಲೇ ಬಿಟ್ಟು ಎದ್ದೆ. ದೊಡ್ಡಪ್ಪ ಹಿತ್ತಿಲಿನ ಕಿಟಕಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಹೆರೆಯುತ್ತಿದ್ದರು. ಒಂದು ಕೆನ್ನೆ ಮುಗಿದಿತ್ತು.

‘ನಿಮ್ಮ ಕೈಯಿಂದ ಅದನ್ನ ಬಿಡ್ಸಿದ್ದು ಅವ್ರು’ ಅಂದೆ. ‘ನನ್ನ ಕೈಯಿಂದ ಬಿಡ್ಸೋದು ನೀವಾಗ್ಬೇಡಿ ದೊಡ್ಡಪ್ಪ.’

ಅವರು ತಿರುಗಲಿಲ್ಲ. ಕನ್ನಡಿಯಲ್ಲೇ ನನ್ನನ್ನು ನೋಡಿದರು. ಇನ್ನೊಂದು ಕೆನ್ನೆಯ ನೊರೆ ಒಣಗುತ್ತಾ ಬಂತು. ಆಮೇಲೆ, ಎಷ್ಟೋ ವಾರಗಳಲ್ಲಿ ಮೊದಲ ಸಲ, ಮಡಕೆಗಲ್ಲ, ನನಗೆ ಹೇಳಿದರು.

‘ಬಾರಿಸ್ತೀಯಾ, ಬಾರಿಸು. ಕರೆದ್ರೆ ಹೋಗು, ಕೂಗಿದ್ರೆ ಹೋಗ್ಬೇಡ. ಕುರ್ಚಿ ಕೊಡ್ತಾರಾ ಅಂತ ಕೇಳ್ಕೊಂಡು ಒಪ್ಕೊ.’

‘ತಮಟೆ ನಿಂತ್ಕೊಂಡೇ ಬಾರಿಸೋದು ದೊಡ್ಡಪ್ಪ.’

‘ಬಾರಿಸೋವಾಗ ನಿಂತ್ಕೊ. ಬಾರಿಸಿದ್ಮೇಲೆ?’

ಆಮೇಲಿನ ವರ್ಷಗಳಲ್ಲಿ ನಾನು ಎಲ್ಲಿ ಬಾರಿಸಿ ಮನೆಗೆ ಬಂದರೂ ಅವರ ಪ್ರಶ್ನೆ ಒಂದೇ, ‘ಕುರ್ಚಿ ಕೊಟ್ರಾ?’ ಜನ ಬಂದಿದ್ದರಾ, ಚಪ್ಪಾಳೆ ಬಿತ್ತಾ, ಇದ್ಯಾವುದೂ ಅವರಿಗೆ ಬೇಡ. ನೋಡಲೂ ಬರುತ್ತಿರಲಿಲ್ಲ. ನಾನು ಕೆಲವು ಕಡೆ ಕುರ್ಚಿ ಕೇಳಿ ‘ಜಂಬದವಳು’ ಅನ್ನಿಸಿಕೊಂಡೆ, ಕೆಲವು ಕಡೆ ಮತ್ತೆ ಕರೆಯಲಿಲ್ಲ. ಕಲೆಗೆ ಜಾತಿಯಿಲ್ಲ ಎಂದು ಭಾಷಣ ಮಾಡಿದವರೇ, ನಮ್ಮ ತಂಡಕ್ಕೆ ಊಟವನ್ನು ಕಾರ್ ನಿಲ್ಲಿಸುವ ಜಾಗದಲ್ಲಿ ಹಾಕಿಸಿದ್ದನ್ನು ಕಂಡಿದ್ದೇನೆ. ಕಲೆಗೆ ಇಲ್ಲದಿರಬಹುದು, ಕುರ್ಚಿಗೆ ಇದೆ. ಹೀಗೆ ಹೇಳಿದರೆ ಕೆಲವರಿಗೆ ಉರಿಯುತ್ತದೆ. ಉರಿಯಲಿ.

ಎರಡು ಸಾವಿರದ ಇಸವಿಯಿಂದ ಈಚಿನ ಮಾತು. ಇಂದಿರಾನಗರದಲ್ಲಿ ಬಂಗಲೆಗಳು ಒಂದೊಂದಾಗಿ ಆಫೀಸು, ಹೋಟೆಲು ಆಗುತ್ತಿದ್ದ ಕಾಲ. ನೂರಡಿ ರಸ್ತೆಯ ಹಿಂದಿನ ಅಡ್ಡರಸ್ತೆಯ ಒಂದು ಬಂಗಲೆಯಲ್ಲಿ ಸಂಗೀತ ಸಂಜೆ ಇಟ್ಟುಕೊಂಡಿದ್ದರು. ಕೊಳಲಿನವರು ಒಬ್ಬರು, ಅವರಿಗಿಂತ ಮೊದಲು ನಮ್ಮ ತಂಡ, ಐದೂ ಜನ ಹೆಣ್ಣುಮಕ್ಕಳು. ವೇದಿಕೆಗೆ ಎಂದೇ ಕರೆದಿದ್ದರು. ಹತ್ತಿರದಲ್ಲೇ ಇದೆ, ಒಂದು ಸಲ ಬನ್ನಿ ಅಂತ ದೊಡ್ಡಪ್ಪನನ್ನು ಕರೆದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ನಾವು ಹೋಗಿ ಗೇಟಿನ ಬಳಿ, ಚರ್ಮ ಬಿಗಿಯಾಗಲೆಂದು ಕಾಗದ ಉರಿಸಿ ತಮಟೆ ಕಾಯಿಸುತ್ತಿದ್ದೆವು. ಕಾರ್ಯಕ್ರಮ ನಡೆಸುವವರು, ರೇಷ್ಮೆ ಜುಬ್ಬದವರು, ಬಂದರು.

‘ಮೇಡಂ, ನೀವು ಇಲ್ಲೇ ಗೇಟ್ ಹತ್ರ ಸ್ಟಾರ್ಟ್ ಮಾಡ್ಬಿಡಿ. ಗೆಸ್ಟ್ ಎಲ್ಲಾ ಬರೋವರ್ಗೂ ಒಳ್ಳೆ ಎನರ್ಜಿ ಇರ್ಲಿ. ಆಮೇಲೆ ಹಿಂದ್ಗಡೆ ಊಟ ಅರೇಂಜ್ ಮಾಡಿದೀವಿ.’

‘ನಮ್ಮದು ವೇದಿಕೆ ಮೇಲೆ ಅಂದಿದ್ರಿ.’

‘ಟೈಮ್ ಕಮ್ಮಿ ಆಗ್ಬಿಡ್ತು. ಇಲ್ಲೇ ಚೆನ್ನಾಗಿರುತ್ತೆ, ತಮಟೆ ಅಂದ್ರೆ ಓಪನ್ ಏರ್ ತಾನೆ.’

ನನ್ನ ಹುಡುಗಿಯರು ನನ್ನ ಮುಖ ನೋಡಿದರು. ಏನು ಹೇಳಲಿ ಅಂತ ನಾನು ಮಾತು ಕೂಡಿಸುತ್ತಿರುವಾಗಲೇ ರಸ್ತೆಯ ತಿರುವಿನಲ್ಲಿ ದೊಡ್ಡಪ್ಪ ಕಾಣಿಸಿದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಂಕುಳಲ್ಲಿ ಕುರ್ಚಿ. ನಮ್ಮನ್ನು ನೋಡಿದರು, ಗೇಟನ್ನು ನೋಡಿದರು, ಜುಬ್ಬದವರನ್ನು ನೋಡಿದರು. ಯಾರೂ ಏನೂ ವಿವರಿಸಬೇಕಾಗಲಿಲ್ಲ. ತೆರೆದ ಗೇಟಿನ ನಟ್ಟನಡುವೆ ಕುರ್ಚಿ ಬಿಡಿಸಿ ಕೂತರು.

‘ಸರ್, ಸೀಟಿಂಗ್ ಒಳ್ಗಡೆ ಇದೆ’ ಅಂದರು ಜುಬ್ಬದವರು.

‘ಗೊತ್ತು. ನಾನು ಬಂದಿರೋದು ಈ ಹುಡುಗೀರ ಕಛೇರಿ ಕೇಳೋಕೆ. ಇವ್ರು ಇಲ್ಲಿದ್ರೆ ನಾನೂ ಇಲ್ಲೇ.’

‘ಸರ್, ಕಾರ್‌ಗಳು ಬರ್ಬೇಕು.’

‘ಬರ್ಲಿ. ಇಳ್ದು ಪಕ್ಕದಲ್ಲಿ ನಿಂತ್ಕೊಂಡು ಕೇಳ್ಲಿ.’

‘ಇದು ಬರೀ ವೆಲ್ಕಮ್ ಸರ್, ಪ್ರೋಗ್ರಾಮ್ ಅಲ್ಲ.’

‘ಹಾಗಾದ್ರೆ ಕೊಳಲಿನೋರ್ನ ಕರೀರಿ, ಅವ್ರು ಇಲ್ಲಿ ವೆಲ್ಕಮ್ ಮಾಡ್ಲಿ. ಇವ್ರು ಒಳಗೆ ಹೋಗ್ಲಿ.’

ಅಷ್ಟರಲ್ಲಿ ಎರಡು ಕಾರು ಬಂದು ಹಾರನ್ ಹೊಡೆಯತೊಡಗಿದವು. ದೊಡ್ಡಪ್ಪ ಜೇಬಿನಿಂದ ಕನ್ನಡಕ ತೆಗೆದು ಒರೆಸುತ್ತಾ ಕೂತರು. ನಾನು ಕೂಡಿಸುತ್ತಿದ್ದ ಮಾತು ಆಗ ಸಿಕ್ಕಿತು. ತಮಟೆಯನ್ನು ಕೆಳಗಿಟ್ಟೆ. ‘ಕರ್ದಿದ್ದು ವೇದಿಕೆಗೆ. ಅಲ್ಲಾದ್ರೆ ಬಾರಿಸ್ತೀವಿ. ಇಲ್ಲಾಂದ್ರೆ ನಮ್ಮ ದೊಡ್ಡಪ್ಪ ಎದ್ದಾಗ ನಾವೂ ಹೊರಡ್ತೀವಿ. ಅವ್ರು ಯಾವಾಗ ಏಳ್ತಾರೋ ನಂಗೊತ್ತಿಲ್ಲ.’

ಮೂರನೆಯ ಕಾರು ಬಂದಾಗ ಜುಬ್ಬದವರು ಒಪ್ಪಿದರು. ಸಂತೋಷದಿಂದೇನಲ್ಲ.

ವೇದಿಕೆಯ ಮೇಲೆ ಬಾರಿಸುವಾಗ ನಾನು ಹುಡುಕಿದ್ದು ಅವರ ಕೈಗಳನ್ನು. ಮುಂದಿನ ಸಾಲಿನ ಪಕ್ಕದಲ್ಲಿ ತಮ್ಮ ಕುರ್ಚಿ ಹಾಕಿಕೊಂಡಿದ್ದರು, ಕೈ ತೊಡೆಯ ಕೆಳಗೇ ಇತ್ತು. ಆದರೆ ಭುಜ ಅಲ್ಲಾಡುತ್ತಿತ್ತು. ಮುಗಿಸಿ ಇಳಿದರೆ ಮುಂದಿನ ಸಾಲಿನಲ್ಲಿ ಐದು ಕುರ್ಚಿ ನಮಗಾಗಿ ಕಾದಿದ್ದವು. ಬಸ್ಸಿನ ಕಿಟಕಿಯಿಂದ ಸೀಟು ಹಿಡಿಯುವವರ ಹಾಗೆ ದೊಡ್ಡಪ್ಪ ಒಂದರ ಮೇಲೆ ಟವೆಲು, ಒಂದರ ಮೇಲೆ ಕನ್ನಡಕದ ಡಬ್ಬಿ, ಒಂದರ ಮೇಲೆ ಕರವಸ್ತ್ರ, ಉಳಿದೆರಡರ ಮೇಲೆ ಒಂದೊಂದು ಚಪ್ಪಲಿ ಇಟ್ಟಿದ್ದರು. ಊರಿನ ದೊಡ್ಡವರೆಲ್ಲ ಆ ಚಪ್ಪಲಿಯನ್ನು ದಾಟಿ ಹಿಂದೆ ಹೋಗಿ ಕೂತಿದ್ದರು. ನಾವು ಐದೂ ಜನ ಅಲ್ಲಿ ಕೂತು ಕೊಳಲು ಕೇಳಿದೆವು. ಬಹಳ ಚೆನ್ನಾಗಿ ನುಡಿಸಿದರು, ಅದನ್ನೂ ಹೇಳಬೇಕು.

ಮನೆಗೆ ನಡೆದು ಬರುವಾಗ ದೊಡ್ಡಪ್ಪ ಅವತ್ತು ಕುರ್ಚಿಯ ಪ್ರಶ್ನೆ ಕೇಳಲಿಲ್ಲ. ಹಲಸೂರಿನ ಹತ್ತಿರ ಬಂದಾಗ ಮುಂದೆ ನೋಡುತ್ತಲೇ ಅಂದರು, ‘ಎಡಗೈ ಕಡ್ಡಿ ಚೂರು ಹಿಂದೆ ಬೀಳ್ತಿದೆ. ನೋಡ್ಕೊ.’

ನನಗೆ ಇವತ್ತಿನವರೆಗೆ ಸಿಕ್ಕಿದ ಹಾರ, ಶಾಲು, ತಟ್ಟೆಗಳನ್ನು ಒಂದು ಕಡೆ ಇಡಿ, ಆ ಮಾತನ್ನು ಒಂದು ಕಡೆ ಇಡಿ. ಅವರ ಕೈ ಕೊನೆಗೂ ನನಗೆ ಏನನ್ನೋ ಕೊಟ್ಟಿತ್ತು. ಅವತ್ತಿನಿಂದ ಎಡಗೈಯನ್ನು ನೋಡಿಕೊಳ್ಳುತ್ತಲೇ ಇದ್ದೇನೆ.

ಕೆಲವು ವರ್ಷ ಕಳೆದು ಅವರ ಎದೆ ಸೋತಿತು. ಕೊನೆಯ ದಿನಗಳಲ್ಲಿ ಮನೆಯಲ್ಲೇ ಮಲಗಿದ್ದರು. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು.

‘ನನ್ನ ಮುಂದೆ ಯಾರೂ ಬಾರಿಸ್ಬಾರ್ದು. ನೀನೂ.’

‘ಯಾಕೆ ದೊಡ್ಡಪ್ಪ? ನಾನು ಯಾರ್ದೋ ಕೂಗಿಗೆ ಬಾರಿಸ್ತೀನಾ? ನಿಮಗೇಂತ ಬಾರಿಸ್ತೀನಿ.’ ನನಗೆ ನಿಜಕ್ಕೂ ನೋವಾಗಿತ್ತು. ಅವರ ಮುಂದೆ ಬಾರಿಸುವುದು ನನ್ನ ಹಕ್ಕು ಅಂದುಕೊಂಡಿದ್ದೆ.

‘ಗೊತ್ತು ಮಗಾ. ನಮ್ಮಪ್ಪ ಸುಮ್ನೆ ಹೋದ. ನಾನು ಬಾರಿಸಿಸ್ಕೊಂಡು ಹೋಗೋದಾ?’

ಕೆಲವೇ ದಿನಗಳಲ್ಲಿ ಅವರು ಹೋದರು.

ಸುದ್ದಿ ತಿಳಿದು ದೊಡ್ಡಮ್ಮನ ತಮ್ಮ ಊರಿನಿಂದ ಬಂದರು. ಪ್ರೀತಿಯಿಂದಲೇ ತಮ್ಮ ಜೊತೆ ನಾಲ್ಕು ಜನ ತಮಟೆಯವರನ್ನೂ ಕರೆತಂದಿದ್ದರು. ಅವರು ಗಲ್ಲಿಯ ತುದಿಯಲ್ಲೇ ತಮಟೆ ಕಾಯಿಸಲು ಬೆಂಕಿ ಹಾಕಿದರು. ನಾನು ಹೋಗಿ ಬೇಡ ಅಂದೆ. ಮಾವನಿಗೆ ಕೋಪ ಬಂತು.

‘ಊರೂರಿಗೆ ಹೋಗಿ ಬಾರಿಸ್ಕೊಂಡ್ ಬರ್ತೀಯ. ಸಾಕಿದ ದೊಡ್ಡಪ್ಪನಿಗೆ ಸದ್ದಿಲ್ವಾ? ಅನಾಥನ ಥರ ಕಳಿಸ್ತೀಯಾ?’

ಸುತ್ತ ನಿಂತವರೂ ಅದನ್ನೇ ಅಂದರು. ಬೆಂಕಿಯನ್ನು ಕಾಲಿಂದ ಹೊಸಕಿದೆ. ಒಳಗೆ ಹೋಗಿ ಮನೆಯಲ್ಲಿದ್ದ ಕುರ್ಚಿಗಳನ್ನು ತಂದು ಬಾಗಿಲ ಮುಂದೆ, ಹೆಣದ ತಲೆಯ ಕಡೆ, ಹತ್ತಿರದ ನೆಂಟರು ಕೂರುವ ಜಾಗದಲ್ಲಿ ಹಾಕಿದೆ. ಮೂರು ಸಿಕ್ಕವು. ನಾಲ್ಕನೆಯದು ದೊಡ್ಡಪ್ಪನ ಮಡಚುವ ಕುರ್ಚಿ. ಅದನ್ನು ಬಿಡಿಸಿ, ತಮಟೆಯವರಲ್ಲಿ ಎಲ್ಲರಿಗಿಂತ ಹಿರಿಯರಿಗೆ ‘ಕೂತ್ಕೊಳ್ಳಿ’ ಅಂದೆ.

ಅವರು ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು. ‘ಕೂತ್ಕೊಂಡು ಏನ್ ಮಾಡೋದು ತಾಯಿ?’

‘ಏನೂ ಮಾಡ್ಬೇಡಿ. ನೆಂಟ್ರ ಥರ ಕೂತಿರಿ.’

ಕೂತರು. ತಮಟೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ನಾಲ್ವರೂ ಕೂತರು. ಅಮ್ಮ ಮಡಕೆಯಿಂದ ನೀರು ತಂದುಕೊಟ್ಟಳು. ಬೌದ್ಧ ವಂದನೆ ಮುಗಿಯುವವರೆಗೂ ಅವರು ಏಳಲಿಲ್ಲ.

ಹೆಣ ಎತ್ತಿದಾಗ ಹೆಂಗಸರು ಬಾಗಿಲಲ್ಲೇ ನಿಲ್ಲಬೇಕು ಅಂತ ಯಾರೋ ಅಂದರು. ನಾನು ಅಷ್ಟು ಹೊತ್ತಿಗೆ ಮುಂದೆ ಹೋಗಿ ನಿಂತಿದ್ದೆ, ತಮಟೆಯವರು ನಡೆಯುವ ಜಾಗದಲ್ಲಿ. ಮರ್ಫಿ ಟೌನಿನ ಗಲ್ಲಿಯಿಂದ ಸ್ಮಶಾನದವರೆಗೆ ದೊಡ್ಡಪ್ಪನ ಮುಂದೆ ಬರಿಗೈಯಲ್ಲಿ ನಡೆದೆ. ಬಸ್ಸು ಆಟೋಗಳ ನಡುವೆ ಬರೀ ಚಪ್ಪಲಿಗಳ ಸದ್ದು. ತಿರುವಿನ ಬಳಿ ನನ್ನ ಬೆರಳುಗಳು ತಾವಾಗಿಯೇ ಶುರು ಮಾಡಿಬಿಟ್ಟವು, ಎಡಗೈ ಮೊದಲು. ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡೆ, ಮಣ್ಣು ಹಾಕುವವರೆಗೂ ತೆಗೆಯಲಿಲ್ಲ.